ಪಾಲು ಪಾರಿಖತ್ತು

ಅಪ್ಪ ಹೋದ ವರ್ಷ ನಮಗೆ ಪಾಲಾಯಿತು.
ಹಿರಿಯ ಹಂಚಬೇಕು, ಕಿರಿಯ ಆರಿಸಬೇಕು,
ನಮ್ಮ ಕಡೆ ರೂಢಿ ಹಾಗೆ.
ಅಣ್ಣ ಬಚ್ಚಣ್ಣ ಹಂಚಿದ.
ನಾನು ಹಿತ್ತಿಲನ್ನೂ ನುಗ್ಗೆಮರವನ್ನೂ ಆರಿಸಿದೆ.
ಅವನಿಗೆ ಉಳಿದದ್ದು ರಸ್ತೆ ಕಡೆಯ ಕೋಣೆ,
ತಳ ತೂತಾದ ತಾಮ್ರದ ಹಂಡೆ.
ಸಾಕ್ಷಿಗೆ ನಾಲ್ವರು, ಛಾಪಾ ಕಾಗದ,
ಅಮ್ಮನ ಹೆಬ್ಬೆಟ್ಟಿನ ನೀಲಿ.

ಅದಕ್ಕೂ ಮುಂಚೆ ಒಂದು ಪಾಲಾಗಿತ್ತು.
ಅದಕ್ಕೆ ಕಾಗದವಿಲ್ಲ.

ಶಿಡ್ಲಘಟ್ಟ. ತಗಡಿನ ಶೆಡ್ಡು.
ಹತ್ತೊಂಬತ್ತು ವರ್ಷ ಎದುರುಬದುರು ನಿಂತೆವು,
ನಾನ್ನೂರ ಎಂಬತ್ತು ಕದಿರು
ಒಟ್ಟಿಗೇ ತಿರುಗುವ ಹುರಿ ಮಿಷನ್ನಿಗೆ.
ಅಲ್ಲಿ ಮಾತೆಂದರೆ ಕೈ:
ಹೆಬ್ಬೆರಳು ಬಾಯಿಗೆ ಹಿಡಿದರೆ ಟೀ,
ಎರಡು ಬೆರಳು ಮಡಚಿದರೆ ಎಳೆ ತುಂಡಾಗಿದೆ,
ಮೀಸೆ ತಿರುವಿದರೆ ಸಾಹುಕಾರ ಬಂದ.
ಅದೇ ಸೆಕೆ, ಅದೇ ಹುಳುವಿನ ವಾಸನೆ,
ಅದೇ ಸದ್ದು, ತಕ್ಕಡಿಯಲ್ಲಿ ತೂಗಿದ ಹಾಗೆ
ನಾಲ್ಕು ಕಿವಿಗೂ ಸಮ.

ಮೊದಲು ಹೋದದ್ದು ಸ.
ಅತ್ತಿಗೆ ಗಂಗುಲಮ್ಮ ಸೊಪ್ಪು ತಾ ಅಂದರೆ
ಅಣ್ಣ ಉಪ್ಪು ತಂದ.
ಮರುವಾರ ಮತ್ತೆ ಉಪ್ಪು.
ಮೋನಿಷಾಳ ಹೆಸರಿಡುವ ದಿನ ಬಡಿಸಲು ನಿಂತವನಿಗೆ
ನೆಂಟರ ಸಾಕು ಸಾಕು
ಹಾಕು ಹಾಕು ಅಂತ ಕೇಳಿ
ಎಲೆ ದಾಟಿ ನೆಲಕ್ಕೆ ಬಂತು ಅನ್ನ.
ಧಾರಾಳಿ ಕಣಪ್ಪ ಬಚ್ಚಣ್ಣ, ಅಂದು ನಕ್ಕರು.
ಅವನೂ ನಕ್ಕ,
ನಗುವನ್ನು ನೋಡಿ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಒಂದು ಗಾಜಿನ ಗೂಡು.
ಸದ್ದು ಕೇಳಿದಾಗ ಕೈ ಎತ್ತಿ ಅಂದರು.
ನಾನು ಎತ್ತಿದೆ, ಎತ್ತಿದೆ,
ಇಸ್ಕೂಲಲ್ಲಿ ಯಾವತ್ತೂ ಎತ್ತದಷ್ಟು.
ಅಣ್ಣನ ಕೈ ತೊಡೆಯ ಮೇಲೇ ಮಲಗಿತ್ತು.
ಅವನ ಕಾಗದದಲ್ಲಿ ಗೆರೆ
ನೆಟ್ಟಗೆ ನಡೆದು ಬರುತ್ತಾ ಬರುತ್ತಾ
ನಂದಿಯ ಬಂಡೆಯಂಚು ಸಿಕ್ಕ ಹಾಗೆ
ಕೆಳಕ್ಕೆ.

ಡಾಕ್ಟರಮ್ಮ ಪೆನ್ನಿನ ತುದಿಯಲ್ಲಿ ತೋರಿಸಿದರು:
ಒಳಗೆ, ಬಸವನಹುಳದ ಚಿಪ್ಪಿನಂಥದ್ದರಲ್ಲಿ,
ರಾಗಿ ಪೈರಿನ ಹಾಗೆ ನಿಂತಿರುತ್ತೆ ಸಣ್ಣ ಕೂದಲು.
ಗಾಳಿಗೆ ಎಲ್ಲರದ್ದೂ ಮಲಗುತ್ತೆ.
ಕೆಲವರದ್ದು ಬೆಳಗಾಗೋದರೊಳಗೆ ಏಳುತ್ತೆ,
ಕೆಲವರದ್ದು ಏಳಲ್ಲ.
ಅದು ನೆತ್ತರಲ್ಲೇ ಬಂದಿರಬಹುದು.
ಸದ್ದಿಲ್ಲದೆ ಇದ್ದಿದ್ದರೆ ಗೊತ್ತೂ ಆಗುತ್ತಿರಲಿಲ್ಲ.
ಯಾರ ಕಡೆಯಿಂದ ಅಂದೆ.
ಇಲ್ಲಿ ಹೇಳೋಕೆ ಬರಲ್ಲ ಅಂದರು.

ಹಿಟ್ಟಿನ ಗಿರಣಿಯಲ್ಲಿ ಹನ್ನೆರಡು ವರ್ಷ ಜರಡಿ ಹಿಡಿದ ಅಮ್ಮ
ಬೆನ್ನ ಹಿಂದೆ ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ.
ಅದನ್ನು ನಾವು
ಕೋಪ ಅಂದುಕೊಂಡಿದ್ದೆವು.

ವಾಪಸು ಬಸ್ಸಿನಲ್ಲಿ ಅಣ್ಣ ಕಿಟಕಿಗೆ ತಲೆಯಿಟ್ಟು ನಿದ್ದೆಹೋದ.
ಡ್ರೈವರು ಹಾರನ್ನು ಬಿಟ್ಟು ಕೈ ತೆಗೆಯಲೇ ಇಲ್ಲ,
ಅವನಿಗೆ ಎಚ್ಚರವಾಗಲಿಲ್ಲ.
ಒಂದೇ ಬಸಿರು.
ಅವನು ಮೂರು ವರ್ಷ ಮುಂಚೆ ಬಂದ.
ಹಿರಿಯ ಹಂಚಬೇಕು, ಕಿರಿಯ ಆರಿಸಬೇಕು.
ಕಣ್ಣು ಕೂಡ ಬಿಡದೆ, ಕತ್ತಲಲ್ಲಿ,
ಒಳ್ಳೆಯದನ್ನೇ ತಡವಿ ಎತ್ತಿಕೊಂಡೆನೇ ನಾನು?
ಪಾಲು ತಿರುಗಿಸಿ ಕೊಡುತ್ತೇನೆ ಅಂದರೆ
ಯಾವ ಕಚೇರಿಯಲ್ಲಿ ರಿಜಿಸ್ಟ್ರಿ?

ಸೋಮವಾರ ಅವನು ಹಳದಿ ಬೆಂಡಿನ ಬಿರಡೆ ತಂದ, ಎರಡು ಜೊತೆ.
ಬುತ್ತಿ ತಂದಿದ್ದ ಮೋನಿಷಾಳನ್ನು
ಬಾಗಿಲಲ್ಲೇ ಹಿಡಿದು ನಿಲ್ಲಿಸಿ
ಅವಳ ಕಿವಿ ಮೊದಲು ಮುಚ್ಚಿದ.
ಆಮೇಲೆ ನನ್ನ ಕಡೆ ಬಂದ.
ನನಗ್ಯಾಕೋ, ನಂದು ಗಟ್ಟಿ ಕಿವಿ, ಅಂದೆ.
ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ.
ತುಂಡಾದ ಎಳೆ ಹೊಸೆಯುವ ಅದೇ ಎರಡು ಬೆರಳಲ್ಲಿ
ಬೆಂಡು ಹೊಸೆದು, ನನ್ನ ಎಡಗಿವಿಗೆ ಇಟ್ಟು
ಅದು ಉಬ್ಬುವವರೆಗೂ ಒತ್ತಿ ಹಿಡಿದ.
ಅರ್ಧ ಶೆಡ್ಡು ಕೆರೆಯಾಚೆಗೆ ಹೋಯಿತು.

ಅಣ್ಣನ ತುಟಿ ಅಲ್ಲಾಡಿತು.
ಸಾಕಾ ಅಂದನೋ
ಹಾಕಾ ಅಂದನೋ.

ನಾನು ಇನ್ನೊಂದು ಕಿವಿ ಕೊಟ್ಟೆ.