ಎತ್ತರದ ಭತ್ತೆ

ಬೀದರ ಕೋರ್ಟಿನಾಗ ಪಗಾರಚೀಟಿ ಓದಿದ್ರು:
ಮೂಲ ವೇತನ, ತುಟ್ಟಿಭತ್ತೆ, ಫೌಜಿನ ಭತ್ತೆ.
ನಡುವ, ಮ್ಯಾಲ ಟ್ರೇನಿಂಗ್ ವಿಮಾನ ಗುಡುಗಿ ಹೋಗೂತನ
ಎಲ್ಲಾರೂ ಬಾಯಿ ಮುಚ್ಚಿ ಕುಂತ್ರು,
ಜಡ್ಜ್ ಸಾಹೇಬ್ರು ಸೈತ.

"ಎತ್ತರದ ಭತ್ತೆ ಹಿಡೀಬ್ಯಾಡ್ರಿ," ಅವನ ವಕೀಲ,
"ಬರ್ಫದಿಂದ ಇಳಿದ್ರ ಅದು ನಿಲ್ತದ."

ನಾ ಚೀಲ ಬಿಚ್ಚಿ ಮಾಣಿಕನ ಬೂಟು ಇಟ್ಟೆ.
ಜೂನಿನಾಗ ತಂದದ್ದು,
ದೀಪಾವಳಿಗೆ ಹೆಬ್ಬೆರಳು ಹೊರಗ.
ಇದು ಎಲ್ಲಿ ನಿಲ್ತದ್ರಿ?

ವಿಡಿಯೋದಾಗ ಅವನ ಮಾರಿ, ಅರ್ಧ ಟೊಪ್ಪಿಗಿ,
ತುಟಿ ಒಡದಾವ.
"ಅದನ್ನೂ ಹಿಡೀರಿ ಸಾಹೇಬ್ರ," ಅಂದ.
ಆಮ್ಯಾಲ ಹತ್ತಿರ ಬಾಗಿ, ನನಗ:
"ಈಗ ಎಷ್ಟನೇ ನಂಬರ?"

ನಾಕು, ಅಂದೆ.
ಮುಟ್ಟಿತೋ ಇಲ್ಲೋ, ರೇಂಜ್ ಕಡೀತು.

ಆದೇಶದ ಹಾಳಿ ಕೈಗೆ ಬಂದಾಗ
ರೂಪಾಯಿ ಲೆಕ್ಕದ ಬಾಜೂಕ
ಗುಮಾಸ್ತ ಪೆನ್ಸಿಲಿನಾಗ ಬರದಿದ್ದ:
ನಾಕು.