ಅರ್ಧ ಬೀಡಿ

ಚಳ್ಳಕೆರೆಯ ಆ ಎಣ್ಣೆ ಗಿರಣಿಗೆ ನಾನು ಹೋದದ್ದು ಅಳೆಯಲಿಕ್ಕೆ:
ಟೇಪು, ಸ್ಟಾಪ್‌ವಾಚು,
ಕಾಲೇಜಿನ ಸೀಲು ಬಿದ್ದ ಒಂದು ಕಾಗದ.
ಎಂಜಿನ್ನಿನ ಪಾಲಯ್ಯ ಕಾಗದ ನೋಡಲಿಲ್ಲ.
ಗೋಣಿಚೀಲ ಕೊಡವಿ ಹಾಸಿದ. ಕೂತೆ.

ಎದೆಮಟ್ಟದ ಬೀಡುಕಬ್ಬಿಣದ ಗಾಲಿ.
ಬೆಲ್ಟು ಉಜ್ಜಿ ಉಜ್ಜಿ ಅಂಚೆಲ್ಲ
ಹಳೇ ರೂಪಾಯಿಯ ಹಾಗೆ ನುಣುಪು.
ತೂಕ ಎಷ್ಟು, ಅಂದೆ.
"ಲಾರಿಯಿಂದ ಇಳಿಸಾಕೆ ಒಂಬತ್ತು ಜನ ಬೇಕಾಗಿದ್ರಂತೆ.
ನಮ್ಮಪ್ಪ ಒಬ್ಬ."

ವಾಲ್ವು ಎತ್ತಿ ಹಿಡಿದು ಹ್ಯಾಂಡಲ್ ತಿರುವಿದ.
ಮೊದಲು ಕಬ್ಬಿಣ ಕೇಳಿಸಿಕೊಳ್ಳಲಿಲ್ಲ.
ಆಮೇಲೆ ಕೇಳಿಸಿಕೊಂಡಿತು.
ಆಮೇಲೆ ಅವನನ್ನೇ ತಿರುಗಿಸುವ ಹಾಗಾದಾಗ
ಲಿವರ್ ಬಿಟ್ಟ. ಢಬ್!
ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ
ದೊಡ್ಡೇರಿ ರಸ್ತೆಯ ಕಡೆಗೆ.

"ನಾಕು ಹೊಡ್ತದಾಗೆ ಒಂದ್ರಾಗೇ ಬೆಂಕಿ ಕಣವ್ವ.
ಉಳಿದ ಮೂರೂ ಗಾಲಿ ಕೊಟ್ಟ ಕೈಗಡ."
ನನ್ನ ಪುಸ್ತಕಕ್ಕೆ ಇದಕ್ಕೇ ಎರಡು ಪುಟ ಹಿಡಿದಿತ್ತು.

ನಾನೂ ಹೇಳಿದೆ, ಗೊತ್ತಿದ್ದದ್ದು:
ಗಾಳಿ ಹೀರಿ ತೆಗೆದ ಡಬ್ಬಿಯೊಳಗೆ
ಅಯಸ್ಕಾಂತದ ಮೇಲೆ ತೇಲುವ ಗಾಲಿ,
ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು;
ಮಿಕ್ಕ ಕರೆಂಟನ್ನು ಸುತ್ತಾಗಿ ಸುತ್ತಿಟ್ಟುಕೊಂಡು
ಬೇಕೆಂದಾಗ ಬಿಚ್ಚಿ ಕೊಡುತ್ತದೆ.
ಯಾವುದಕ್ಕೂ ತಾಗುವುದಿಲ್ಲ.

"ಗ್ರೀಸು?"
ಬೇಡ.
"ಸದ್ದು?"
ಇಲ್ಲವೇ ಇಲ್ಲ ಅನ್ನಬಹುದು.
ಎಣ್ಣೆಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.
"ಹಂಗಾರೆ ಅದು ನಿಂತೈತೋ ತಿರುಗ್ತೈತೋ,
ಪಕ್ಕದಾಗೆ ಕುಂತೋನಿಗೆ ಹೆಂಗೆ ಗೊತ್ತಾಗ್ತೈತೆ?"
ಮೀಟರು ಇರುತ್ತೆ, ಅಂದೆ.
"ಹ್ಞೂಂ," ಅಂದ, ಮೀಟರಿಗೆ ಬೇಜಾರಾಗದ ಹಾಗೆ.

ಬೆಲ್ಟು ಜಾರಿಸಿದ. ಡೀಸೆಲ್ ಕಟ್ಟಿದ. ವಾಲ್ವು ಎತ್ತಿದ.
ಬೀಡಿ ಹಚ್ಚಿದ.
ನಾನು ವಾಚು ಒತ್ತಿದೆ.

ಬೆಂಕಿ ಇಲ್ಲ, ಗಾಲಿ ಇದೆ.
ಬರೀ ಮಬ್ಬಾಗಿದ್ದಲ್ಲಿಂದ ಕಡ್ಡಿಗಳು
ಒಂದೊಂದಾಗಿ ಹೊರಬಂದವು. ಆರು.
ನನ್ನ ಕೈ ತಾನಾಗಿ ಮುಂದೆ ಹೋಗಿತ್ತೇನೋ,
"ಮುಟ್ಬ್ಯಾಡ. ಅದು ಗಳಿಸಿದ್ದು ಅದೇ ಕರ್ಚು ಮಾಡ್ಲಿ."

ಸಿಪ್ಪೆಯ ಧೂಳು ಇಳಿಯಿತು.
ಹೊರಗೆ ಯಾರೋ ಆಟೋ ನಿಲ್ಲಿಸಿ, ಚೀಲ ಇಳಿಸಿ,
ಐದು ರೂಪಾಯಿ ಚಿಲ್ಲರೆಗೆ ಜಗಳ ತೆಗೆದರು.
ಗಾಲಿ ಕೊನೆಯ ಸುತ್ತು ಹತ್ತಲಾರದೆ
ಅರ್ಧಕ್ಕೆ ನಿಂತಿತು. ಹಿಂದಕ್ಕೆ ತೂಗಿತು.
ಮುಂದಕ್ಕೆ. ಮತ್ತೆ ಒಂಚೂರು ಹಿಂದಕ್ಕೆ.

ಇದರಲ್ಲಿ ಯಾವುದನ್ನು ನಿಂತದ್ದು ಎಂದು ಬರೆಯಲಿ?
ತಲೆಯೆತ್ತಿ ಕೇಳಬೇಕೆನ್ನುವಷ್ಟರಲ್ಲಿ
ಪಾಲಯ್ಯ ಬೀಡಿಯ ತುದಿಯನ್ನು ಗೋಡೆಗೆ ಮೆಲ್ಲಗೆ ಒತ್ತಿ,
ಉಳಿದರ್ಧವನ್ನು
ಕಿವಿಯ ಮೇಲೆ ಇಟ್ಟುಕೊಂಡ.