ಅಲೆ ಹೊತ್ತ ಅಕ್ಷರ

ನಾಸ್ವ ಬಂದರಿನ ದೋಣಿಕೊಟ್ಟಿಗೆ.
ಟಾರು ಡಬ್ಬಿಗೂ ಮಡಿಸದ ಹಾಯಿಬಟ್ಟೆಗೂ ನಡುವೆ
ಒಂದು ಹಳೆಯ ಕಂಪ್ಯೂಟರು.
ಎಂಡೆಲ್‌ನ ಬಲಗೈಯ ಎರಡು ಬೆರಳು
ಮಾರ್ಚಿನಲ್ಲೇ ಗರಗಸದ ಪಾಲಾದವು,
ತೋರುಬೆರಳು, ನಡುಬೆರಳು.
"ಇಲಿಗೆ ಬೇಕಾದದ್ದೂ ಅವೆರಡೇ" ಎಂದು ನಗುತ್ತಾನೆ.
ನಮ್ಮಲ್ಲಿ ಮೌಸಿಗೂ ಇಲಿಯೆಂದೇ ಹೆಸರು.

ನಾನು ಬಂದದ್ದು ಬಿಲ್ಲು ಕೇಳಲು.
ಬಿಲ್ಲು ಬರೆಯಲಾಗಿಲ್ಲ ಎಂದ.
ಕೂತೆ.

ಟರ್ಮಿನಲ್ ತೆರೆದು ಹಾಜರಿ ಕೂಗಿದೆ.
ಓಗೊಟ್ಟವು ಒಂದೊಂದಾಗಿ:
ಪವರ್ ಬಟನ್ನು, ಕೀಬೋರ್ಡು, ಮತ್ತೂ ಒಂದು ಕೀಬೋರ್ಡು
(ಇರುವುದು ಒಂದೇ, ಎರಡೆಂದು ಹೇಳಿಕೊಳ್ಳುತ್ತದೆ),
ಹನ್ನೊಂದನೆಯ ನಂಬರಿನಲ್ಲಿ ಇಲಿ.
ಹನ್ನೊಂದಕ್ಕೆ ಹೇಳಿದೆ: ಮೂರು, ಎರಡು, ಒಂದು.
ಅಷ್ಟೇ. ಎಡ ಬಲವಾಯಿತು, ಬಲ ಎಡ.

ಓಟ ತಗ್ಗಿಸಿದೆ, ಮೈನಸ್ ಸೊನ್ನೆ ಪಾಯಿಂಟ್ ನಾಲ್ಕು.
ಎಡಗೈ ಇನ್ನೂ ಹೊಸ ಆಳು,
ತಳ್ಳಿದಷ್ಟೇ ಹೋಗಲಿ.
ಬಲಗೈಯ ಉಂಗುರಬೆರಳು
ಕೀಲಿಯ ಮೇಲೆ ಕೂತರೆ ಏಳುವುದು ತಡ.
ಒಂದು ರಕಾರಕ್ಕೆ ಪರದೆ ತುಂಬ ರ್ರ್ರ್ರ್ರ್,
ಮತ್ತದೇ ಗರಗಸ.
ಕಾಯುವ ಕಾಲ ಹೆಚ್ಚಿಸಿದೆ,
ಒಂಬೈನೂರು ಮಿಲಿಸೆಕೆಂಡು.

ಮಾರನೆಯ ದಿನ ಫೋನು:
"ರಾತ್ರಿ ಆರಿಸಿದೆ, ಬೆಳಿಗ್ಗೆ ಎಲ್ಲ ಮರೆತು ಕೂತಿದೆ.
ಪುಣ್ಯವಂತ ಯಂತ್ರ.
ನನಗೆ ಇಲ್ಲದ ಬೆರಳು ಇನ್ನೂ ತುರಿಸುತ್ತದೆ."

ಬಾಯಿಮಾತು ಸಾಲದು, ಬರೆದಿಡಬೇಕು.
ರೂಟ್ ಆಗಿ ಒಳಹೊಕ್ಕು ಕಡತವೊಂದನ್ನು ಬರೆದೆ,
ಹೆಸರಿನ ಮುಂದೆ ತೊಂಬತ್ತು ಎಂಬ ಅಂಕೆ,
ಎಲ್ಲರ ಮಾತು ಮುಗಿದ ಮೇಲೆ ಅದರ ಮಾತು ನಡೆಯಲೆಂದು.
ಎಲ್ಲೋ ಒಂದು ಉದ್ಧರಣ ಚಿಹ್ನೆ ಮರೆತೆ.
ಪರದೆ ಕಪ್ಪಾಯಿತು.
ಅರ್ಧ ತಾಸು ಇಬ್ಬರಿಗೂ ಮಾತಿಲ್ಲ,
ಅವನು ಹುಟ್ಟಿಗೆ ಮರಳುಕಾಗದ ಉಜ್ಜುತ್ತಿದ್ದ.

ಕೊನೆಗೆ ಒಂದಕ್ಷರ ಬಾಕಿ ಉಳಿಯಿತು.
ತಲೆಯ ಮೇಲೆ ಪುಟ್ಟ ಅಲೆ ಹೊತ್ತ ಸ್ವರ;
ಅದರ ಕೀಲಿ ಅಂಟು ಕುಡಿದು ಸತ್ತಿತ್ತು.
ಸುತ್ತ ಅಲೆಯೇ ಇರುವ ಸಾರೆಮಾದಲ್ಲಿ
ಆ ಒಂದು ಅಲೆ ಯಾರ ಬಾಯಿಗೂ ಬಾರದು.
ಎರಡು ಚುಕ್ಕೆಯಿಟ್ಟ ಅದರ ತಂಗಿಯನ್ನೇ ಕರೆದುಬಿಡುತ್ತೇವೆ,
ಟಾಲಿನ್ನಿನವರು ನಗುತ್ತಾರೆ.
"ಬಿಡು, ಹೇಗೂ ಹೇಳುವುದಿಲ್ಲವಲ್ಲ" ಎಂದೆ.
"ಬಾಯಿ ನನ್ನದು. ದೋಣಿ ನಿನ್ನದು" ಎಂದ.
ನನ್ನ ದೋಣಿಯ ಹೆಸರಿಗೆ ಅದೃಷ್ಟ ಎಂದರ್ಥ,
ನಮ್ಮ ನುಡಿಯಲ್ಲಿ ಅದು ಶುರುವಾಗುವುದೇ ಆ ಸ್ವರದಿಂದ.

ಎಡ ಅಂಚಿನಲ್ಲಿ ಕ್ಯಾಪ್ಸ್ ಲಾಕ್ ಕೂತಿತ್ತು,
ಕಿರುಚುವುದು ಬಿಟ್ಟು ಬೇರೇನೂ ಕಲಿಯದ್ದು.
ಅದರ ತಲೆಗೆ ಅಲೆ ಹೊರಿಸಿದೆ.

ಎಡಗೈಯ ಕಿರುಬೆರಳಲ್ಲಿ ಒತ್ತಿದ,
ಬಿಸಿ ಪಾತ್ರೆ ಮುಟ್ಟಿದ ಹಾಗೆ.
ಬಿಲ್ಲಿನ ನೆತ್ತಿಯಲ್ಲಿ ಹೆಸರು ಮೂಡಿತು,
ಅಲೆ ಸಮೇತ.
ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ:
ಎರಡು ಚುಕ್ಕೆಯೇ.

ಮೊತ್ತವನ್ನು ಮಾತ್ರ
ಸ್ಪಷ್ಟವಾಗಿ ಓದಿದ.